ಊರಿನ ಅಭಿವೃದ್ಧಿಯನ್ನು ಎಲ್ಲಿ ನಿಂತು ಅಳೆಯಬೇಕು?



ನಿಮ್ಮ ಊರಿನಲ್ಲಿ ಹೊಸ ಕಾಮಗಾರಿಯೊಂದು ಶುರುವಾದರೆ ಮೊದಲು ಏಳುವುದು ಒಂದು ಫಲಕ. ಯೋಜನೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕೆಲಸ ಮುಗಿಯಬೇಕಾದ ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ಶಂಕುಸ್ಥಾಪನೆಯ ಭಾಷಣದಲ್ಲಿ ಕೋಟಿಗಳ ಲೆಕ್ಕ ಬರುತ್ತದೆ. ಇದರಿಂದ ಪರಿಸರಕ್ಕೆ ಏನು ಒಳಿತಾಯಿತು ಎಂದು ಯಾರಾದರೂ ಕೇಳಿದರೆ, ‘ಉದ್ಯಾನ ಮಾಡಿದ್ದೇವೆ, ಗಿಡ ನೆಟ್ಟಿದ್ದೇವೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಿಡ ನೆಡುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ನಾವು ನೋಡಬೇಕಾದದ್ದನ್ನು ನೋಡದೆ ಉಳಿಯುತ್ತೇವೆ.

ನಗರಾಭಿವೃದ್ಧಿ ಯೋಜನೆಯೊಂದು ಪ್ರಕೃತಿಗೆ ನೆರವಾಯಿತೋ ಇಲ್ಲವೋ ಎಂಬುದು ಆ ಪಟ್ಟಣದ ಮುಖ್ಯರಸ್ತೆಯಲ್ಲಿ ನಿಂತವನಿಗೆ ಕಾಣುವುದಿಲ್ಲ. ಪಟ್ಟಣದ ನೀರು ಹರಿದು ಹೋಗಿ ಸೇರುವ ಕೆಳಗಿನ ಕೆರೆಯ ಏರಿಯ ಮೇಲೆ, ಅದೂ ಉದ್ಘಾಟನೆಯಾಗಿ ಐದು ವರ್ಷ ಕಳೆದ ಮೇಲೆ ನಿಂತವನಿಗೆ ಕಾಣುತ್ತದೆ. ಈ ವಾರ ನಾವು ಕುಟುಂಬದಲ್ಲಿ ಕುಳಿತು ಯೋಚಿಸಬೇಕಾದ ವಿಷಯ ಇದು.

ಬೆಂಗಳೂರಿನ ಕೆರೆಗಳ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ನಾವು ಸಣ್ಣ ಊರುಗಳನ್ನು ನೋಡೋಣ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ತೆಂಗಿನ ಸೀಮೆ. ತಿಪಟೂರಿನ ಎ.ಪಿ.ಎಂ.ಸಿ.ಯಲ್ಲಿ ನಡೆಯುವ ಕೊಬ್ಬರಿ ಹರಾಜಿನ ದರವನ್ನು ಊರೂರಿನ ರೈತರು ಕಾದು ಕೇಳುತ್ತಾರೆ. ಆಡಳಿತದ ದೃಷ್ಟಿಯಿಂದಲೂ ಈ ಮೂರು ಊರುಗಳು ಒಳ್ಳೆಯ ಪಾಠ: ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ. ಕರ್ನಾಟಕದ ಹೆಚ್ಚಿನ ಪಟ್ಟಣಗಳು ಈ ಮೂರರಲ್ಲಿ ಒಂದರ ಹಾಗೆಯೇ ಇವೆ.

ನೀರಿನ ದಾರಿ

ತಿಪಟೂರು ನಗರದ ಕುಡಿಯುವ ನೀರಿಗೆ ಆಸರೆ ಈಚನೂರು ಕೆರೆ. ಆ ಕೆರೆಗೆ ನೀರು ಬರುವುದು ಹೇಮಾವತಿಯಿಂದ. ಹಾಸನ ಜಿಲ್ಲೆಯ ಗೊರೂರಿನಲ್ಲಿ ತಡೆದ ಹೊಳೆಯ ನೀರು ನಾಲೆಯಲ್ಲಿ ಹರಿದು, ದಾರಿಯಲ್ಲಿ ಎಷ್ಟೋ ಊರುಗಳನ್ನು ದಾಟಿ, ಕೆರೆ ತುಂಬಿ, ಶುದ್ಧವಾಗಿ ನಲ್ಲಿಗೆ ಬರುತ್ತದೆ. ಈ ನೀರಿಗಾಗಿ ಜಿಲ್ಲೆಯಲ್ಲಿ ನಡೆದಿರುವ ಹೋರಾಟ ಒಂದೆರಡಲ್ಲ. ಕುಣಿಗಲ್ ಕಡೆಗೆ ಪ್ರತ್ಯೇಕ ಲಿಂಕ್ ಕಾಲುವೆ ತೆಗೆಯುವ ಯೋಜನೆಗೆ 2024 ಮತ್ತು 2025ರಲ್ಲಿ ಬಂದ ವಿರೋಧವನ್ನು ನೀವು ಓದಿರುತ್ತೀರಿ. ನಲ್ಲಿಯವರೆಗೆ ಬರುವ ನೀರಿನ ಬಗ್ಗೆ ನಮಗೆ ಅಷ್ಟೊಂದು ಆಸಕ್ತಿ. ಬಚ್ಚಲಿನಿಂದ ಆಚೆಗೆ ಹೋದ ನೀರಿನ ಬಗ್ಗೆ ಅದರ ಹತ್ತರಲ್ಲಿ ಒಂದು ಪಾಲು ಆಸಕ್ತಿಯೂ ಇಲ್ಲ!

ಸ್ವಲ್ಪ ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ತಿಪಟೂರು ನಗರದ ಜನಸಂಖ್ಯೆ ಹೆಚ್ಚುಕಡಿಮೆ 60 ಸಾವಿರ. ಒಳಚರಂಡಿ ಇರುವ ಪಟ್ಟಣಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಎಂಜಿನಿಯರರ ಮಾನದಂಡ. ಕೊಟ್ಟ ನೀರಿನಲ್ಲಿ ಶೇಕಡ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಅವರೇ ಲೆಕ್ಕ ಹಿಡಿಯುತ್ತಾರೆ. ಆ ಮಾನದಂಡದಂತೆ ನೀರು ಕೊಟ್ಟರೆ ದಿನಕ್ಕೆ 81 ಲಕ್ಷ ಲೀಟರ್ ಒಳಕ್ಕೆ, ಸುಮಾರು 65 ಲಕ್ಷ ಲೀಟರ್ ಹೊರಕ್ಕೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ 65 ಲೀಟರ್ ಕೊಡುತ್ತೇವೆ ಎಂದಿಟ್ಟುಕೊಳ್ಳಿ. ಆಗ ಹೊರಗೆ ಹೋಗುವ ಈ ನೀರು ಒಂದು ಲಕ್ಷ ಮರಗಳಿಗೆ ಸಾಕು. ಸಾವಿರ ಅಡಿ ಕೊರೆದರೂ ನೀರು ಸಿಗದೆ, ಮರದ ಸುಳಿ ಒಣಗುವುದನ್ನು ನೋಡಿ ಕಣ್ಣೀರಿಟ್ಟ ರೈತರಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಎರಡರ ಹೆಸರೂ ಬಂದದ್ದುಂಟು.

ಶುದ್ಧೀಕರಿಸಿದರೆ ಅದು ಒಂದು ಲಕ್ಷ ಮರಗಳ ನೀರು. ಹಾಗೆಯೇ ಬಿಟ್ಟರೆ ಕೆಳಗಿನ ಊರಿನ ಕೆರೆಗೆ ವಿಷ. ಎರಡೂ ಒಂದೇ ನೀರು ಎಂಬುದನ್ನು ಗಮನಿಸಿ.

ಇಲ್ಲಿ ನಮ್ಮ ಹಿರಿಯರ ಕೆರೆಗಳ ವ್ಯವಸ್ಥೆಯನ್ನು ನೆನೆಯಬೇಕು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ತಿಪಟೂರು, ತುರುವೇಕೆರೆ ಕಡೆಯ ಹಳ್ಳಗಳು ಶಿಂಷಾ ಹೊಳೆಯ ದಾರಿ ಹಿಡಿದು ಕಾವೇರಿಯ ಕಡೆಗೆ ಹೋದರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರದ ನೀರು ಬೋರನಕಣಿವೆಯ ಸುವರ್ಣಮುಖಿಯ ಮೂಲಕ ವೇದಾವತಿಯ ಕಡೆಗೆ ಹೋಗುತ್ತದೆ. ಒಂದು ಕಾವೇರಿ ಕಣಿವೆ, ಇನ್ನೊಂದು ಕೃಷ್ಣಾ ಕಣಿವೆ. ಮೇಲಿನ ಊರು ಬಿಟ್ಟದ್ದನ್ನು ಕೆಳಗಿನ ಊರು ಪಡೆಯುತ್ತದೆ. ಹಿಂದೆ ಬಿಟ್ಟದ್ದು ಮಳೆಯ ನೀರು ಮತ್ತು ಹೂಳು. ಇಂದು ಬಿಡುವುದು ಶೌಚಾಲಯದ ನೀರು, ಸೋಪಿನ ನೊರೆ, ಪ್ಲಾಸ್ಟಿಕ್.

ಪ್ರವಾದಿ ಯೆಜೆಕಿಯೇಲನ ಗ್ರಂಥದ 34ನೇ ಅಧ್ಯಾಯವನ್ನು ಸಾಮಾನ್ಯವಾಗಿ ಒಳ್ಳೆಯ ಕುರುಬನ ಬಗ್ಗೆ ಹೇಳುವಾಗ ಓದುತ್ತೇವೆ. ಅದೇ ಅಧ್ಯಾಯದ ನಡುವೆ ಕುರುಬರನ್ನು ಬಿಟ್ಟು ಕುರಿಗಳನ್ನೇ ವಿಚಾರಣೆಗೆ ನಿಲ್ಲಿಸುವ ಮಾತು ಬರುತ್ತದೆ. ಕೊಬ್ಬಿದ ಕುರಿಗಳು ತಿಳಿನೀರು ಕುಡಿದು ಸುಮ್ಮನಿರದೆ, ಉಳಿದ ನೀರನ್ನು ಕಾಲಿನಿಂದ ಕದಡಿಬಿಡುತ್ತವೆ. ಬಡಕಲು ಕುರಿಗಳು ಆ ಕದಡಿದ ನೀರನ್ನೇ ಕುಡಿಯಬೇಕು. ದೇವರು ಅಲ್ಲಿ ಕೇಳುವುದು ನೀರು ಕುಡಿದದ್ದರ ಬಗ್ಗೆಯಲ್ಲ, ಕುಡಿದ ಮೇಲೆ ಮಾಡಿದ್ದರ ಬಗ್ಗೆ. ಪಟ್ಟಣದ ನಾವು ಯಾವ ಕುರಿಗಳು ಎಂಬುದನ್ನು ನೀವೇ ಯೋಚಿಸಿ.

ಯೋಜನೆಗಳು ಏನು ಮಾಡಿವೆ?

ಯೋಜನೆಗಳೆಲ್ಲ ವ್ಯರ್ಥ ಎಂದು ಹೇಳುವುದು ಸುಲಭ. ಆದರೆ ಅದು ಅನ್ಯಾಯ. ಸಣ್ಣ ಪಟ್ಟಣಗಳಿಗೆಂದೇ ಕೇಂದ್ರದ ಯೋಜನೆ ಬಂದದ್ದು 1979-80ರಲ್ಲಿ. ಆಗ ಗಮನವೆಲ್ಲ ರಸ್ತೆ, ಮಾರುಕಟ್ಟೆ, ಬಸ್ ನಿಲ್ದಾಣ, ನಿವೇಶನಗಳ ಮೇಲೆ. ಪರಿಸರ ಎಂಬ ಮಾತು ಅಷ್ಟಾಗಿ ಇರಲಿಲ್ಲ. 2005ರ ನರ್ಮ್ ಯೋಜನೆಯಲ್ಲಿ ಸಣ್ಣ ಮತ್ತು ಮಧ್ಯಮ ಪಟ್ಟಣಗಳಿಗೆ ಒಂದು ಪಾಲು ಸಿಕ್ಕಿತು. ನೀರು, ಚರಂಡಿ ಮುಂದೆ ಬಂದವು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ, 2015ರ ಜೂನ್‌ನಲ್ಲಿ ಅಮೃತ್ ಮತ್ತು ಸ್ಮಾರ್ಟ್ ಸಿಟಿ. ರಾಜ್ಯದ ನಗರೋತ್ಥಾನ ಬೇರೆ. ಮನೆಗೆ ನಲ್ಲಿ ಬಂದಾಗ ಕೊಡ ಹೊರುವ ಹೆಣ್ಣುಮಕ್ಕಳ ಬೆನ್ನಿನ ಭಾರ ಇಳಿಯಿತು. ಬಯಲಿಗೆ ಹೋಗುವ ಅವಮಾನ ತಪ್ಪಿತು. ಇವನ್ನು ಕಡೆಗಣಿಸುವವರು ಕೊಡ ಹೊತ್ತವರಲ್ಲ.

ಆದರೆ ಒಂದು ವಿಷಯವನ್ನು ಸೂಕ್ಷ್ಮವಾಗಿ ನೋಡಬೇಕು. 2021ರ ಅಕ್ಟೋಬರ್ 1ರಂದು ಅಮೃತ್ ಯೋಜನೆಯ ಎರಡನೇ ಹಂತ ಆರಂಭವಾಯಿತು. ನಲ್ಲಿ ನೀರಿನ ಗುರಿಯನ್ನು ದೇಶದ ಎಲ್ಲ ಶಾಸನಬದ್ಧ ಪಟ್ಟಣಗಳಿಗೂ ವಿಸ್ತರಿಸಿದರು. ಒಳಚರಂಡಿಯ ಗುರಿಯನ್ನು ಮಾತ್ರ ಮೊದಲ ಹಂತದ 500 ನಗರಗಳಿಗೆ ಸೀಮಿತವಾಗಿ ಇಟ್ಟರು. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಬಳಸಿದ ನೀರಿನ ಹೊಣೆಯನ್ನು ಅದೇ ದಿನ ಆರಂಭವಾದ ಸ್ವಚ್ಛ ಭಾರತದ ಎರಡನೇ ಹಂತಕ್ಕೆ ವಹಿಸಿದರು. ಅಂದರೆ ತಿಪಟೂರಿನಂಥ ಊರಿಗೆ ನೀರು ತರುವುದು ಒಂದು ಯೋಜನೆ, ಅದೇ ನೀರನ್ನು ಶುಚಿಮಾಡಿ ಕಳಿಸುವುದು ಇನ್ನೊಂದು ಯೋಜನೆ. ಹಣ ಬೇರೆ, ಕಡತ ಬೇರೆ, ಅವಧಿ ಬೇರೆ. ದೆಹಲಿಯ ಮೇಜಿನ ಮೇಲೆ ಇದು ಸರಿಯಾಗಿ ಕಾಣಬಹುದು. ಊರಿನಲ್ಲಿ ಮೊದಲನೆಯದು ಬೇಗ ಮುಗಿದು ಎರಡನೆಯದು ಹಿಂದೆ ಉಳಿದರೆ, ಆ ಅಂತರದ ಒಂದೊಂದು ವರ್ಷವೂ ಕೆಳಗಿನ ಕೆರೆಗೆ ಹೆಚ್ಚು ಕೊಳಚೆ. ನೀರು ಹೆಚ್ಚು ಕೊಟ್ಟಷ್ಟೂ ಕೊಳಚೆ ಹೆಚ್ಚು. ಒಳ್ಳೆಯ ಯೋಜನೆಯೇ ಹೀಗೆ ಕೆಟ್ಟ ಫಲ ಕೊಡುತ್ತದೆ.

ಇದು ನನ್ನ ಊಹೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ನಗರ ಪಟ್ಟಣಗಳಿಂದ ದಿನಕ್ಕೆ ಹೊರಬರುವ ಕೊಳಚೆ 7,236 ಕೋಟಿ ಲೀಟರ್. ಕಟ್ಟಿದ ಶುದ್ಧೀಕರಣ ಘಟಕಗಳ ಸಾಮರ್ಥ್ಯ 3,184 ಕೋಟಿ ಲೀಟರ್. ನಿಜವಾಗಿ ಶುದ್ಧೀಕರಣವಾಗುತ್ತಿದ್ದದ್ದು 2,023 ಕೋಟಿ ಲೀಟರ್ ಮಾತ್ರ. ನೂರು ಲೀಟರಿನಲ್ಲಿ 28 ಲೀಟರ್! ಕಟ್ಟಿದ್ದಕ್ಕೂ ನಡೆಯುತ್ತಿದ್ದದ್ದಕ್ಕೂ ಇರುವ ವ್ಯತ್ಯಾಸವನ್ನು ನೋಡಿ. ಘಟಕ ಕಟ್ಟಲು ಅನುದಾನ ಬರುತ್ತದೆ. ಅದರ ಪಂಪಿಗೆ ವಿದ್ಯುತ್ ಬಿಲ್ ಕಟ್ಟಲು, ಅದನ್ನು ನೋಡಿಕೊಳ್ಳುವವನಿಗೆ ಸಂಬಳ ಕೊಡಲು ಅನುದಾನ ಬರುವುದಿಲ್ಲ. ಮುಖ್ಯ ಕೊಳವೆ ಹೂತಿಟ್ಟ ಮೇಲೂ ಮನೆಗಳ ಜೋಡಣೆ ಬಾಕಿ ಉಳಿಯುವುದು ರಾಜ್ಯದ ಅನೇಕ ಪಟ್ಟಣಗಳ ಕಥೆ. ಕಾಗದದಲ್ಲಿ ಇಷ್ಟು ಕಿಲೋಮೀಟರ್ ಒಳಚರಂಡಿ ಪೂರ್ಣ; ಹಳ್ಳದಲ್ಲಿ ಮೊದಲಿನದೇ ವಾಸನೆ.

ನಾನು ಸೆಮಿನರಿಯಲ್ಲಿ ಓದಿದ ತತ್ವಶಾಸ್ತ್ರದ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಂತ ಥಾಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣವನ್ನು ವಿವರಿಸುವಾಗ ಅದನ್ನು ಹಲವು ಅಂಗಗಳಾಗಿ ಬಿಡಿಸುತ್ತಾರೆ. ಹಿಂದಿನದರ ನೆನಪು, ಹೇಳಿಸಿಕೊಳ್ಳುವ ಗುಣ, ಮುಂದಾಲೋಚನೆ, ಸುತ್ತಲೂ ಕಣ್ಣಾಡಿಸುವುದು, ಎಚ್ಚರ ಇವೆಲ್ಲ ಇದ್ದರೆ ಮಾತ್ರ ವಿವೇಕ ಪೂರ್ಣ. ಉದ್ದೇಶ ಒಳ್ಳೆಯದಿದ್ದರೆ ಸಾಲದು. ಆ ಕೆಲಸ ಯಾವ ಸನ್ನಿವೇಶದಲ್ಲಿ, ಯಾರ ನಡುವೆ ನಡೆಯುತ್ತಿದೆ ಎಂದೂ ನೋಡಬೇಕು. ಸುತ್ತಲೂ ಕಣ್ಣಾಡಿಸದೆ ಮಾಡಿದ ನಗರಾಭಿವೃದ್ಧಿಗೆ ನಗರದ ಎಲ್ಲೆಯೇ ಲೋಕದ ಎಲ್ಲೆಯಾಗಿಬಿಡುತ್ತದೆ. ಚಿಕ್ಕನಾಯಕನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಬೆಟ್ಟಗಳಿಂದ ಹೋದ ಅದಿರು ಎಲ್ಲೋ ಕಟ್ಟಡವಾಯಿತು, ಧೂಳು ಮಾತ್ರ ಅವರ ತೋಟದ ಗರಿಗಳ ಮೇಲೆ ಉಳಿಯಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗಲಷ್ಟೇ ಉಸಿರಾಡಲು ಬಿಡುವಾಯಿತು.

ಕೆರೆಯ ಸುತ್ತಲಿನ ನಡಿಗೆ ಹಾದಿ

ನಮ್ಮ ಜಿಲ್ಲಾ ಕೇಂದ್ರ ತುಮಕೂರು 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾಯಿತು. ಆ ಯೋಜನೆ 2025ರ ಮಾರ್ಚ್‌ಗೆ ದೇಶದಾದ್ಯಂತ ಮುಗಿಯಿತು. ಅಲ್ಲಿನ ಅಮಾನಿಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ನಡೆಯುವವರು ಸಂತೋಷಪಡುತ್ತಾರೆ; ಪಡಬೇಕಾದದ್ದೇ. ವಯಸ್ಸಾದವರಿಗೆ, ಮಕ್ಕಳಿಗೆ ಅಂಥ ಒಂದು ಜಾಗ ಬೇಕು. ಆದರೂ ಕೆರೆ ಅಭಿವೃದ್ಧಿ ಎಂದರೆ ನಡಿಗೆ ಹಾದಿ, ದೀಪ, ಬೇಲಿ, ಕಾರಂಜಿ ಎಂಬ ಅಭಿಪ್ರಾಯ ಈಗ ಸಣ್ಣ ಊರುಗಳಿಗೂ ಹಬ್ಬಿದೆ. ಕೆರೆಯ ಆರೋಗ್ಯ ಇರುವುದು ಅದರ ದಂಡೆಯಲ್ಲಲ್ಲ. ಅದಕ್ಕೆ ನೀರು ತರುವ ಕಾಲುವೆಗಳಲ್ಲಿ, ಜಲಾನಯನದಲ್ಲಿ. ಕಾಲುವೆ ಒತ್ತುವರಿಯಾಗಿ, ಮಳೆನೀರು ಬರುವ ದಾರಿಯಲ್ಲಿ ಚರಂಡಿ ನೀರು ಬರುತ್ತಿದ್ದರೆ, ದಂಡೆಗೆ ಹಾಸಿದ ಕಲ್ಲು ಶವಕ್ಕೆ ಹೊದಿಸಿದ ರೇಷ್ಮೆಯಂತೆ. ಮಾತು ಕಠಿಣವಾಯಿತೇನೋ. ಆದರೆ ಇಂಥ ಕೆರೆಯ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಡೆದವರು ಒಪ್ಪುತ್ತಾರೆಂದುಕೊಂಡಿದ್ದೇನೆ.

ಕಸದ ವಿಷಯಕ್ಕೆ ಬಂದರೆ ತೆಂಗಿನ ಸೀಮೆಯವರಿಗೆ ಪಾಠ ಹೇಳುವುದೇ ಅಧಿಕಪ್ರಸಂಗ. ತೋಟದಲ್ಲಿ ಕಸ ಎಂಬುದೇ ಇಲ್ಲವಲ್ಲ! ಬಿದ್ದ ಗರಿ ಮರದ ಬುಡಕ್ಕೆ ಹೊದಿಕೆ, ಹೊಂಬಾಳೆ ಒಲೆಗೆ, ಸಿಪ್ಪೆ ನಾರಿನ ಕಾರ್ಖಾನೆಗೆ, ಚಿಪ್ಪು ಇದ್ದಿಲಿಗೆ. ಅದೇ ಕುಟುಂಬ ಪಟ್ಟಣದಲ್ಲಿ ಮನೆ ಮಾಡಿದರೆ, ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಸ್ತೆ ತಿರುವಿನಲ್ಲಿ ಎಸೆಯುತ್ತದೆ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು ಕೇಂದ್ರದ ನಿಯಮ ಹೇಳಿದ್ದು 2016ರಲ್ಲಿ. ನಮ್ಮ ಅಜ್ಜಿಯರು ಯಾವ ನಿಯಮವೂ ಇಲ್ಲದೆ ತಿಪ್ಪೆಗೊಂದು, ಒಲೆಗೊಂದು, ದನಕ್ಕೊಂದು ಎಂದು ಬೇರ್ಪಡಿಸುತ್ತಿದ್ದರು. ಹಾಗೆಂದು ತೆಂಗಿನ ಉದ್ಯಮವೆಲ್ಲ ನಿರ್ಮಲ ಎನ್ನಲಾಗದು. ನಾರು ತೆಗೆದ ಮೇಲೆ ಉಳಿಯುವ ಪುಡಿ ಬೇಗ ಕೊಳೆಯುವುದಿಲ್ಲ; ರಾಶಿ ಬಿದ್ದು ಮಳೆಗೆ ನೆನೆದರೆ ಅದರ ಕಂದು ರಸ ಬಾವಿಗೆ ಇಳಿಯುತ್ತದೆ. ಚಿಪ್ಪು ಸುಡುವ ಹೊಗೆ ಪಕ್ಕದ ಮನೆಯ ಮಗುವಿನ ಎದೆಗೆ ಹೋಗುತ್ತದೆ. ಅದೇ ಪುಡಿಯನ್ನು ಅಣಬೆಯ ಬೀಜ ಮತ್ತು ಯೂರಿಯಾ ಸೇರಿಸಿ ಗೊಬ್ಬರ ಮಾಡುವ ವಿಧಾನವನ್ನು ತೆಂಗಿನ ನಾರು ಮಂಡಳಿ ಬಹಳ ಹಿಂದೆಯೇ ಬಳಕೆಗೆ ತಂದಿದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವ ಆ ಪುಡಿ ಒಣ ತೋಟಕ್ಕೆ ವರ. ನಗರಸಭೆಯ ಹಸಿ ಕಸದ ಗೊಬ್ಬರಕ್ಕೂ ಇದಕ್ಕೂ ನಂಟು ಬೆಳೆಸಿದರೆ ಎಷ್ಟು ಚೆನ್ನು!

ಆಗುವ ಕೆಲಸವೇ ಇದು ಎಂದು ಕೇಳುವವರಿಗೆ ದೇವನಹಳ್ಳಿಯನ್ನು ತೋರಿಸಬಹುದು. ಸುಮಾರು 30 ಸಾವಿರ ಜನರ ಆ ಪಟ್ಟಣದಲ್ಲಿ ಒಳಚರಂಡಿಗಾಗಿ ಕಾಯದೆ, 2015ರಲ್ಲಿ ಶೌಚಗುಂಡಿಗಳ ಹೂಳನ್ನು ಸಂಸ್ಕರಿಸುವ ಘಟಕ ಕಟ್ಟಿದರು. ದೇಶದಲ್ಲಿ ಒಂದು ಇಡೀ ಪಟ್ಟಣಕ್ಕೆಂದು ಕಟ್ಟಿದ ಅಂಥ ಘಟಕಗಳಲ್ಲಿ ಅದು ಮೊದಲಿನದು. ಟ್ಯಾಂಕರಿನಲ್ಲಿ ತಂದ ಹೂಳು ಇಳಿಜಾರಿನಲ್ಲಿ ತಾನೇ ಹರಿದು, ಒಣಗಿ, ಊರಿನ ಹಸಿ ಕಸದೊಂದಿಗೆ ಸೇರಿ ಗೊಬ್ಬರವಾಗುತ್ತದೆ. ದೊಡ್ಡ ಯಂತ್ರವಿಲ್ಲ, ದೊಡ್ಡ ವಿದ್ಯುತ್ ಬಿಲ್ಲೂ ಇಲ್ಲ. ತುರುವೇಕೆರೆಯಂಥ ಪಟ್ಟಣ ಪಂಚಾಯಿತಿಗೆ ನೂರಾರು ಕೋಟಿಯ ಕನಸಿಗಿಂತ ಇಂಥದ್ದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೋಲಾರದ ಉದಾಹರಣೆ ಅಷ್ಟು ಸರಳವಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಆದರೆ ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕೆಂಬ ಒತ್ತಾಯ ನ್ಯಾಯಾಲಯದವರೆಗೂ ಹೋಯಿತು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಯಾವ ಗುಣಮಟ್ಟದ ನೀರು ಎಂದು ಕೇಳುವ ಹಕ್ಕು ಪಡೆಯುವ ಊರಿನದು, ಕೊಡುವ ಊರಿನದಲ್ಲ.

ಯಾರನ್ನು ಕೇಳಬೇಕು?

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದ ಐದನೇ ಅಧ್ಯಾಯದಲ್ಲಿ ಇದೇ ವಿಚಾರವಿದೆ. ಪರಿಸರದ ಮೇಲಾಗುವ ಪರಿಣಾಮವನ್ನು ಯೋಜನೆ ಸಿದ್ಧವಾದ ಮೇಲಲ್ಲ, ಅದಕ್ಕೂ ಮೊದಲೇ ಅಳೆಯಬೇಕು. ಚರ್ಚೆಯ ಮೇಜಿನಲ್ಲಿ ಆ ಸ್ಥಳದ ಜನರಿಗೆ ವಿಶೇಷ ಸ್ಥಾನವಿರಬೇಕು ಎಂಬುದು ಅಲ್ಲಿನ ಬೋಧನೆ. ನಮ್ಮ ಸಂವಿಧಾನವೂ ದಾರಿ ತೆರೆದಿಟ್ಟಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳಿವೆ. ಪರಿಸರ ರಕ್ಷಣೆ ಅವುಗಳಲ್ಲಿ ಎಂಟನೆಯದು. ಕೊರತೆ ಇರುವುದು ಬೇರೆ ಕಡೆ. ಕೊಳಚೆ ಬಿಡುವವರು ನಗರಸಭೆಗೆ ಮತ ಹಾಕುತ್ತಾರೆ. ಅದು ಹೋಗಿ ಸೇರುವ ಊರಿನವರು ಗ್ರಾಮ ಪಂಚಾಯಿತಿಗೆ ಮತ ಹಾಕುತ್ತಾರೆ. ಕೆಳಗಿನ ಊರಿನ ರೈತನ ದೂರಿಗೆ ನಗರಸಭೆಯ ಸದಸ್ಯ ಕಿವಿಗೊಡಬೇಕಾದ ಅಗತ್ಯವೇ ಇಲ್ಲ. ಹಾಗಾದರೆ ಅವನ ಪರವಾಗಿ ಪಟ್ಟಣದೊಳಗೆ ಮಾತನಾಡುವವರು ಯಾರು? ಪಟ್ಟಣದಲ್ಲಿ ವಾಸವಿದ್ದು ಬಲಿಪೂಜೆಗೆ ಬರುವ ನೀವು ಆ ಮಾತನ್ನು ಆಡಬಹುದು.

ಅದಕ್ಕೆ ಮೊದಲು ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ನಮ್ಮ ದೇವಾಲಯ, ಕಾನ್ವೆಂಟ್, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಈ ಪ್ರಶ್ನೆ ಕೇಳಿ. ನಿಮ್ಮ ಮನೆಯ ಶೌಚದ ಕೊಳವೆ ಮಳೆನೀರಿನ ಚರಂಡಿಗೆ ಸೇರಿದ್ದರೆ ಅದನ್ನು ತಪ್ಪಿಸಿ. ತಾರಸಿಯ ಮಳೆನೀರು ಒಳಚರಂಡಿಗೆ ಹೋಗುತ್ತಿದ್ದರೆ ಅದೂ ತಪ್ಪು. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುವುದು ಇದರಿಂದಲೇ. 600 ಮಿಲಿಮೀಟರ್ ಮಳೆಯಾದ ವರ್ಷ ಸಾವಿರ ಚದರಡಿ ತಾರಸಿಯ ಮೇಲೆ ಬೀಳುವ ನೀರು ಸುಮಾರು 55 ಸಾವಿರ ಲೀಟರ್. ಅಷ್ಟನ್ನು ತೊಟ್ಟಿಗೋ ಬಾವಿಗೋ ಇಳಿಸಿದರೆ ಹೇಮಾವತಿಯ ಮೇಲಿನ ಭಾರ ಅಷ್ಟು ಕಡಿಮೆ.

ಆಮೇಲೆ ಊರಿನ ಮಾತು. ಪ್ರತಿ ವರ್ಷ ಆಯವ್ಯಯ ಮಂಡಿಸುವ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಬರುವವರು ಕಡಿಮೆ, ಬಂದವರು ಕೇಳುವುದು ತಮ್ಮ ಬೀದಿಯ ದೀಪವನ್ನು. ಈ ಸಲ ನೀವು ಹೋಗಿ. ಹೋಗುವ ಮೊದಲು ಒಂದು ಭಾನುವಾರ ಪೂಜೆ ಮುಗಿದ ಮೇಲೆ, ನಿಮ್ಮ ಬೀದಿಯ ಚರಂಡಿಯ ಜಾಡು ಹಿಡಿದು ಅದು ಹಳ್ಳ ಸೇರುವವರೆಗೂ, ಹಳ್ಳ ಕೆರೆ ಸೇರುವವರೆಗೂ ಮಕ್ಕಳೊಂದಿಗೆ ನಡೆದು ನೋಡಿ. ಆ ಕೆರೆಯ ಕೆಳಗೆ ತೋಟವಿರುವ ಯಾರನ್ನಾದರೂ ಮಾತನಾಡಿಸಿ. ಬಾವಿಯ ನೀರು ಹತ್ತು ವರ್ಷದ ಹಿಂದೆ ಹೇಗಿತ್ತು, ದನಗಳು ಈಗಲೂ ಅದನ್ನು ಕುಡಿಯುತ್ತವೆಯೇ ಎಂದು ಕೇಳಿ. ಅವರು ಬರುವುದಾದರೆ ಸಭೆಗೆ ಕರೆದುಕೊಂಡು ಹೋಗಿ. ಅಲ್ಲಿ ಹೊಸ ಯೋಜನೆ ಏನೂ ಬೇಡಬೇಡಿ. ಈಗಿರುವ ಕೊಳಚೆ ಘಟಕಕ್ಕೆ ಬರುವ ವರ್ಷ ವಿದ್ಯುತ್ತಿಗೆ ಎಷ್ಟು, ನೌಕರರಿಗೆ ಎಷ್ಟು, ದುರಸ್ತಿಗೆ ಎಷ್ಟು ಇಟ್ಟಿದ್ದೀರಿ, ಹೊರಬಿಡುವ ನೀರಿನ ಪರೀಕ್ಷೆಯ ವರದಿಯನ್ನು ಎಲ್ಲಿ ಅಂಟಿಸುತ್ತೀರಿ ಎಂದು ಕೇಳಿ. ಘಟಕವೇ ಇಲ್ಲದಿದ್ದರೆ ಶೌಚಗುಂಡಿಯ ಹೂಳನ್ನು ಟ್ಯಾಂಕರಿನವರು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.